ನಿನ್ನ ದನಿಯಲ್ಲಿ ನಾನು ಹೇಳಿದ್ದು

ನೀಲಕ್ಕಾ,

ನೀನು ತೀರಿಹೋಗಿ ಮೂರು ವರ್ಷವಾದರೂ ನಿನ್ನ ದನಿ ಅನುಕರಿಸುವುದರಲ್ಲಿ ನನ್ನನ್ನು ಮೀರಿಸುವವರು ಮೈಲಾಪುರದಲ್ಲಿಲ್ಲ. ಊರ ಶಾಲೆಯಲ್ಲಿ ಏಳನೇ ಕ್ಲಾಸಿಗೇ ಓದು ನಿಂತರೂ ಈ ವಿದ್ಯೆಯಲ್ಲಿ ನನ್ನದು ಡಬಲ್ ಡಿಗ್ರಿ.

ನಿನ್ನ ಮಗಳು ಶರಣ್ಯಾ ಗಿಂಡಿ ಬಡಾವಣೆಯ ಕಂಪನಿಯ ಇಂಜಿನಿಯರ್ ಕೆಲಸ ಬಿಟ್ಟು, ಮಾರ್ಕೆಟಿಂಗ್ ಕಲಿಯಲು ಮತ್ತೆ ಕಾಲೇಜಿಗೆ ಹೊರಟಿದ್ದಾಳೆ. ಇವತ್ತು ಬೆಳಿಗ್ಗೆ ಪ್ರವೇಶದ ಸಂದರ್ಶನಕ್ಕೆ ತಯಾರಿ ನಡೆಸಿದ್ದಳು. ಪ್ರಶ್ನೆ ಕೇಳುವ ಕೆಲಸ ನನ್ನದು. ನಗಿಸೋಣವೆಂದು ನಿನ್ನ ದನಿಯಲ್ಲೇ ಕೇಳಿದೆ: "ಏನೇ ಶರಣಿ, ಮೂವತ್ತಕ್ಕೆ ಮತ್ತೆ ಪುಸ್ತಕದ ಚೀಲ ಹೊರ್ತೀಯಾ?"

ಅವಳು ನಗಲಿಲ್ಲ.

"ಅಮ್ಮಾ, ಹನ್ನೆರಡನೇ ಕ್ಲಾಸ್ ಆದಾಗ್ಲೇ ಇದನ್ನೇ ಓದ್ತೀನಿ ಅಂದಿದ್ದೆ. ಯಾಕೆ ಬೇಡ ಅಂದೆ?"

ಮೊದಲು ನೀನು ಒಪ್ಪಿದ್ದೆ. ಫಾರಂ ಕೂಡ ತಂದಿದ್ದೆ. "ಬೀದಿ ಸುತ್ತೋ ಕೆಲಸ ಅದು, ಇಂಜಿನಿಯರಿಂಗ್ ಮಾಡಿಸಕ್ಕಾ" ಎಂದು ಮೂರು ದಿನ ನಿನ್ನ ತಲೆ ತಿಂದವನು ನಾನೆಂದು ಅವಳಿಗೆ ಗೊತ್ತಿಲ್ಲ.

"ನಂಗೆ ತಿಳೀಲಿಲ್ಲ ಕಣೇ, ತಪ್ಪಾಯ್ತು" ಎಂದೆ, ನಿನ್ನ ದನಿಯಲ್ಲೇ.

ಅವಳು ಕಣ್ಣೊರೆಸಿಕೊಂಡಳು. "ಮಾಮಾ, ಇನ್ನೊಂದ್ಸಲ ಅಮ್ಮನ ಥರ ಮಾತಾಡಿ, ಪ್ಲೀಸ್."

ನಾನು ನನ್ನದೇ ದನಿಯಲ್ಲಿ ಸಂದರ್ಶನದ ಮುಂದಿನ ಪ್ರಶ್ನೆ ಕೇಳಿದೆ. ಈ ಸಲ ನೀನೇ ಮಾತಾಡಿ ನಿಜ ಹೇಳಿಬಿಡುತ್ತೀಯೆಂದು ಹೆದರಿಕೆಯಾಯಿತು.