ಬೊಗಸೆ ಹಿಡಿಯುವವರ ಗಣ

ತಳಿ
1-2-1981, ಭಾನುವಾರ

ಹೊಸೂರಿನ ಆಲಸನತ್ತಂ ಮನೆಯ ಯಜಮಾನರಿಗೆ,

ರಾಮಲಕ್ಷ್ಮಮ್ಮನ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ ಅಂದುಕೊಳ್ಳಿ.

ನಿಮ್ಮ ಕಾರ್ಡು ಬಂತು. ಮೊದಲು ಪೋಸ್ಟ್‌ಮ್ಯಾನ್ ಓದಿದ, ಆಮೇಲೆ ಮನೆ ಕೊಟ್ಟಿರುವ ಪಾಪಮ್ಮನವರು ಅವನ ಕೈಲಿ ಇನ್ನೊಮ್ಮೆ ಓದಿಸಿ ಕೇಳಿದರು, ಕೊನೆಗೆ ನನ್ನ ಸರದಿ ಬಂತು. "ನಿನ್ ಯಜಮಾನ್ರು ಬುದ್ಧಿ ಯೋಳವ್ರೆ ಕಣಮ್ಮ, ಕೇಳು" ಎಂದು ಪಾಪಮ್ಮನವರ ಶಿಫಾರಸು ಬೇರೆ. ನೀವು ಬರೆದದ್ದು ಇಷ್ಟು: "ಲೆಕ್ಕದ ವಿಷಯಕ್ಕೆ ಯಾರಾದರೂ ಊರಿನವರ ಮೇಲೆ ಹಟ ಹಿಡಿಯುತ್ತಾರೆಯೇ? ತಪ್ಪು ಎಂದು ಒಂದು ಮಾತು ಹೇಳಿ ಮುಗಿಸು. ಅಂಚೆಟ್ಟಿಗೆ ವರ್ಗ ಮಾಡಿದರೆ ನೀನು ಹೊಸೂರಿಗೆ ಬಂದುಹೋಗುವುದೂ ನಿಂತೀತು."

ತಳಿಯಿಂದ ಹೊಸೂರಿಗೆ ಕೋಸಿನ ಮೂಟೆ ಬಾಡಿ ತಲುಪುತ್ತದೆ, ಸುದ್ದಿ ಮಾತ್ರ ಎಷ್ಟು ತಾಜಾ! ಆದರೆ ಅರ್ಧವೇ ತಲುಪಿದೆ. ಉಳಿದರ್ಧ ನಾನೇ ಬರೆಯುತ್ತೇನೆ. ಕಾರ್ಡಿನಲ್ಲಿ ಅಲ್ಲ, ಕವರಿನಲ್ಲಿ.

ಇದು ಶುರುವಾದದ್ದು ನನ್ನಿಂದಲ್ಲ, ಮೇಲಿನಿಂದ ಬಂದ ಸುತ್ತೋಲೆಯಿಂದ. ಡಿಸೆಂಬರಿನಲ್ಲಿ ಮಾನವ ಹಕ್ಕುಗಳ ದಿನ ಆಚರಿಸಬೇಕೆಂಬ ಸುತ್ತೋಲೆ ಜನವರಿಯಲ್ಲಿ ನಮ್ಮ ಕೈ ಸೇರಿತು. ಎಲ್ಲ ಶಿಕ್ಷಕರೂ ತಮ್ಮ ತಮ್ಮ ವಿಷಯದ ಮೂಲಕವೇ ಮಾನವ ಹಕ್ಕುಗಳನ್ನು ಬೋಧಿಸತಕ್ಕದ್ದಂತೆ. ಸಮಾಜ ಪಾಠದವರು ರಜೆ ಹಾಕಿದರು. ತಮಿಳು ವಾಧ್ಯಾರರು ತಮ್ಮ ಪಾಠ ಮುಗಿದಿಲ್ಲ ಅಂದರು. ಹೆಡ್‌ಮಾಸ್ಟರ್ ಗೋಪಾಲಪ್ಪನವರು ನಶ್ಯದ ಡಬ್ಬಿ ತಟ್ಟುತ್ತಾ ನನ್ನ ಮುಂದೆ ನಿಂತು, "ಅಮ್ಮಾ, ಲೆಕ್ಕದಲ್ಲಿ ಏನಾದ್ರೂ ಸೇರ್ಸಿಬುಡಿ, ರಿಪೋರ್ಟ್ ಕಳ್ಸ್‌ಬೇಕು" ಅಂದರು. ಸಾರಿಗೆ ಉಪ್ಪು ಸೇರಿಸುವ ಹಾಗೆ! ತ್ರಿಕೋನದ ಮೂರು ಕೋನಗಳಿಗೆ ಯಾವ ಹಕ್ಕು ಕೊಡಲಿ ಎಂದು ಕೇಳಿದೆ. "ನಿಮ್ಗೆ ತಿಳೀದೇ ಇರೋದಾ" ಎಂದು ಹೊರಟುಬಿಟ್ಟರು. ಬರುವ ವರ್ಷ ರಿಟೈರ್ ಆಗುವ ಮನುಷ್ಯ, ಉಸಿರು ಬಿಡುವುದಕ್ಕೂ ಯಾರದಾದರೂ ಸಹಿ ಬೇಕು ಅವರಿಗೆ.

ಹತ್ತನೇ ಕ್ಲಾಸಿಗೆ ಆಗ ಗಣಗಳ ಪಾಠ ನಡೆಯುತ್ತಿತ್ತು. ನಿಮಗೆ ಗೊತ್ತಿರಲಾರದು, ನಿಮ್ಮ ಕಾಲಕ್ಕೆ ಇರಲಿಲ್ಲ. ಒಂದು ಗುಣ ಇರುವವರನ್ನೆಲ್ಲ ಒಂದು ವೃತ್ತದೊಳಗೆ ಬರೆಯುವುದು, ಇನ್ನೊಂದು ಗುಣದವರನ್ನು ಇನ್ನೊಂದರೊಳಗೆ. ಎರಡಕ್ಕೂ ಸೇರಿದವರಿದ್ದರೆ ವೃತ್ತಗಳು ಒಂದರ ಮೇಲೊಂದು ಹಾಯುತ್ತವೆ. ಯಾರೂ ಇಲ್ಲದಿದ್ದರೆ ದೂರ ದೂರ ನಿಲ್ಲುತ್ತವೆ. ನಡುವೆ ಉಳಿಯುವುದು ಶೂನ್ಯ ಗಣ. ನನ್ನ ಪ್ರಾಸದ ಚಟ ನಿಮಗೆ ಗೊತ್ತಲ್ಲ. "ಸಮಚಿಹ್ನೆ ದಾಟಿದರೆ ಕೂಡಿದ್ದೂ ಕಳೆ, ಮರೆತವರ ಹಾಳೆ ತುಂಬ ಕೆಂಪು ಮಳೆ" ಎಂದು ಸಮೀಕರಣಕ್ಕೆ ಕಟ್ಟಿದಂತೆಯೇ ಇದಕ್ಕೂ ಒಂದು ಕಟ್ಟಿದೆ:

ಒಳಗಿರೋರು ಒಳಗೆ, ಹೊರಗಿರೋರು ಹೊರಗೆ,
ಗೆರೆಯ ಎಳೆದೋರ್ ಯಾರು? ಹೇಳಿಬಿಡಿ ನನಗೆ.

ಪುಸ್ತಕದಲ್ಲಿರುವ ಉದಾಹರಣೆ ಬಿಟ್ಟು ನಿಮ್ಮ ನಿಮ್ಮ ಬದುಕಿನಿಂದ ಎರಡೆರಡು ಗಣ ಹೇಳಿ ಅಂದೆ. ಮಾನವ ಹಕ್ಕು ಇದರಲ್ಲೇ ಎಲ್ಲಾದರೂ ಸಿಕ್ಕರೆ ಸಿಗಲಿ ಎಂದು. ಬಸ್ಸಿನಲ್ಲಿ ಬರುವವರು, ನಡೆದು ಬರುವವರು ಎಂದು ಒಬ್ಬ ಹೇಳಿದ. ಬಸ್ಸು ಕೆಟ್ಟ ದಿನ ಎರಡೂ ಒಂದೇ ಎಂದು ಎಲ್ಲರೂ ನಕ್ಕರು. ಆಗ ಊರಾಚೆಯ ಹರಿಜನ ಕಾಲನಿಯ ಅಂಜಿನಮ್ಮ ಎದ್ದು ನಿಂತಳು. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ.

"ಟೀಚರ್, ಮೊಗೆದು ಕುಡಿಯೋರು ಒಂದು ಗಣ. ಬೊಗಸೆ ಹಿಡಿಯೋರು ಒಂದು ಗಣ. ಎರಡ್ರಲ್ಲೂ ಇರೋರು ಯಾರೂ ಇಲ್ಲ. ಇದು ಶೂನ್ಯ ಗಣ ಅಲ್ವಾ?"

ನಮ್ಮ ಶಾಲೆಯ ವರಾಂಡದಲ್ಲಿ ನೀರಿನ ಗುಡಾಣ ಇದೆ, ಪಕ್ಕದಲ್ಲಿ ಹಿತ್ತಾಳೆ ಚೊಂಬು. ಊರಿನ ಮಕ್ಕಳು ಮೊಗೆದು ಕುಡಿಯುತ್ತಾರೆ. ಕಾಲನಿಯ ಮಕ್ಕಳು ಚೊಂಬು ಮುಟ್ಟುವ ಹಾಗಿಲ್ಲ. ಯಾರಾದರೂ ಮೇಲಿನಿಂದ ಹುಯ್ಯುವ ತನಕ ಬೊಗಸೆ ಹಿಡಿದು ಬಾಗಿ ನಿಂತಿರುತ್ತಾರೆ. ಹುಯ್ಯುವವರು ಆಟಕ್ಕೆ ಹೋಗಿದ್ದರೆ ಬಾಯಾರಿಕೆಯೂ ಕಾಯಬೇಕು. ದಿನಾ ಅದರ ಪಕ್ಕದಲ್ಲೇ ಚಪ್ಪಲಿ ಬಿಟ್ಟು ನಾವೆಲ್ಲ ಒಳಗೆ ಹೋಗುತ್ತೇವೆ.

ಉತ್ತರ ಸರಿಯಾಗಿತ್ತು. ಸರಿ ಅಂದೆ. ಬೋರ್ಡಿನ ಮೇಲೆ ಎರಡು ವೃತ್ತ ಬರೆದೆ, ದೂರ ದೂರ. ಇದರಲ್ಲಿ ನನ್ನ ಕ್ರಾಂತಿ ಏನು ಬಂತು? ಬೇರೆ ಏನು ಹೇಳಬೇಕಿತ್ತು?

ಸಾಯಂಕಾಲ ಮಕ್ಕಳು ಆ ಪ್ರಾಸವನ್ನು ಕೂಗಿಕೊಂಡು ಮನೆಗೆ ಹೋದರು. ಹೋಗುವ ದಾರಿಯಲ್ಲೇ ಶಾಲಾ ಸಮಿತಿಯ ಅಧ್ಯಕ್ಷ ರಾಮಚಂದ್ರಪ್ಪನವರ ಜಗಲಿ. ಗೆರೆ ಎಳೆದವರು ಯಾರು ಎಂದು ಜಗಲಿಯ ಮುಂದೆ ನಿಂತು ಕೇಳಿದರೆ ಜಗಲಿಯ ಮೇಲಿದ್ದವರಿಗೆ ಏನನ್ನಿಸಬೇಡ! ಪ್ರಾಸ ಕಟ್ಟುವಾಗ ನಾನು ದಾರಿಯ ಯೋಚನೆ ಮಾಡಿರಲಿಲ್ಲ. ಮರುದಿನ ಶಾಲೆಗೆ ಅವರ ಜೀಪು ಬಂತು.

"ಏನಮ್ಮಾ ಟೀಚ್ರೇ, ಮಕ್ಳಿಗೆ ಲೆಕ್ಕ ಯೋಳ್ಕೊಡಿ ಅಂದ್ರೆ ಊರಿನ್ ಲೆಕ್ಕ ತೆಗೀತಿದ್ದೀರಾ? ನಮ್ಮೂರಲ್ಲಿ ಭೇದ ಇಲ್ಲ. ಯಾವತ್ತಾದ್ರೂ ಯಾರ್ಗಾದ್ರೂ ನೀರಿಲ್ಲ ಅಂದಿದ್ದೀವಾ? ಹುಯ್ತೀವಲ್ಲ!"

ಭೇದ ಇಲ್ಲವಂತೆ, ಆದ್ದರಿಂದ ನನ್ನ ಲೆಕ್ಕ ತಪ್ಪಂತೆ. ಸೋಮವಾರ ಅವರೇ ಕ್ಲಾಸಿಗೆ ಬಂದು ಕೂರುತ್ತಾರೆ; ಮಕ್ಕಳ ಮುಂದೆ "ನಾನು ಬರೆದದ್ದು ತಪ್ಪು" ಅನ್ನಬೇಕು. ಇಲ್ಲದಿದ್ದರೆ, "ಅಂಚೆಟ್ಟಿ ಕಡೆ ಲೆಕ್ಕದೋರ್ ಬೇಕು ಅಂತಿದ್ರು. ಒಳ್ಳೇ ಗಾಳಿ ಐತೆ ಅಲ್ಲಿ."

ಅಂದಿನಿಂದ ನನಗೆ ಸಲಹೆಯ ಮಳೆ. ಗೋಪಾಲಪ್ಪನವರು "ಅಂದ್ಬುಡಿ ಅಮ್ಮಾ, ನನ್ನ ರಿಟೈರ್ ಆಗಕ್ ಬುಡಿ" ಅಂದರು. ಸುತ್ತೋಲೆ ಎಲ್ಲಿ ಎಂದು ಕೇಳಿದರೆ ಬೀರುವಿನ ಬೀಗದ ಕೈ ಕಳೆದಿದೆಯಂತೆ. ಪಾಪಮ್ಮನವರು "ಒಂದ್ ಮಾತ್ಗೆ ನಿನ್ ಗಂಟೇನ್ ಓಯ್ತದೆ?" ಅಂದರು. ಈಗ ನೀವು. ಎಲ್ಲರಿಗೂ ಅದು ಒಂದೇ ಮಾತು. ಆ ಒಂದೇ ಮಾತನ್ನು ರಾಮಚಂದ್ರಪ್ಪನವರು ಬಿಟ್ಟುಕೊಡಲಿ ಎಂದು ಒಬ್ಬರೂ ಅವರ ಜಗಲಿ ಹತ್ತಿ ಹೇಳಲಿಲ್ಲ ನೋಡಿ.

ಹೇಳಿಬಿಡುವ ಮನಸ್ಸು ನನಗೂ ಬಂದಿತ್ತು, ಸುಳ್ಳೇಕೆ. ಈ ವಯಸ್ಸಿನಲ್ಲಿ ಅಂಚೆಟ್ಟಿಯ ಕಾಡುದಾರಿ ನಡೆಯುವ ಆಸೆ ಯಾರಿಗಿದೆ? ಆದರೆ ಶುಕ್ರವಾರ ಸ್ಟಾಫ್ ರೂಮಿನ ಬಾಗಿಲಿಗೆ ಅಂಜಿನಮ್ಮ ಬಂದಳು. ಒಳಗೆ ಬರಲಿಲ್ಲ. "ಟೀಚರ್, ನೀವು ಸೋಮವಾರ ತಪ್ಪು ಅಂತೀರಂತೆ. ಪಬ್ಲಿಕ್ ಪರೀಕ್ಷೇಲಿ ಇಂಥ ಲೆಕ್ಕ ಬಂದ್ರೆ ನಾನು ಹೆಂಗ್ ಬರೀಲಿ?" ಅಂದಳು. ವ್ಯಂಗ್ಯ ಇಲ್ಲ, ಏನಿಲ್ಲ. ನಿಜವಾಗಿ ಕೇಳಿದಳು.

ನಾಳೆ ಏನು ಮಾಡುತ್ತೇನೋ ಗೊತ್ತಿಲ್ಲ. ಕವರು ಅಂಟಿಸದೆ ಇಟ್ಟಿರುತ್ತೇನೆ.

ಸೋಮವಾರ, ಸಾಯಂಕಾಲ

ರಾಮಚಂದ್ರಪ್ಪನವರು ಬಂದರು. ಅವರಿಗೆ ಕೈಯಿರುವ ಕುರ್ಚಿ, ಗೋಪಾಲಪ್ಪನವರಿಗೆ ಕೈಯಿಲ್ಲದ್ದು. ಬೋರ್ಡಿನ ಮೇಲೆ ಅವೇ ಎರಡು ವೃತ್ತ ಮತ್ತೆ ಬರೆದೆ. ಮೊಗೆಯುವವರು ಇಲ್ಲಿ, ಬೊಗಸೆ ಹಿಡಿಯುವವರು ಅಲ್ಲಿ.

ಇದು ತಪ್ಪು ಎಂದು ನಮ್ಮ ಅಧ್ಯಕ್ಷರು ಹೇಳುತ್ತಾರೆ, ಪರೀಕ್ಷಿಸೋಣ ಅಂದೆ ಮಕ್ಕಳಿಗೆ. ನಡುವೆ ಯಾರೂ ಇಲ್ಲ ಎಂಬ ಮಾತು ತಪ್ಪಾಗಬೇಕಾದರೆ ಊರೆಲ್ಲ ಬೇಕಾಗಿಲ್ಲ. ಎರಡೂ ಕಡೆಗೆ ಸೇರಿದವರು ಒಬ್ಬರು ಸಿಕ್ಕರೆ ಸಾಕು, ಆ ಕ್ಷಣವೇ ನನ್ನ ಲೆಕ್ಕ ಬಿತ್ತು. ಮೊಗೆದು ಕುಡಿಯುವವರು ಒಬ್ಬರು ಬೊಗಸೆ ಹಿಡಿಯಲಿ, ಬೊಗಸೆಯವರು ಹುಯ್ಯಲಿ. ನಾನು ತಪ್ಪು ಎಂದು ಸಂತೋಷವಾಗಿ ಬರೆಯುತ್ತೇನೆ.

"ಏನು, ನನ್ ಕೈಲಿ ಬೊಗಸೆ ಹಿಡ್ಸಕ್ಕಾ?" ಎಂದು ರಾಮಚಂದ್ರಪ್ಪನವರು ಕುರ್ಚಿಯ ಕೈ ಹಿಡಿದುಕೊಂಡರು. ನಿಮ್ಮನ್ನೇ ಎಂದು ಹೇಳಲಿಲ್ಲ, ಭೇದ ಇಲ್ಲದ ಊರಿನಲ್ಲಿ ಯಾರಾದರೂ ಆದೀತು ಅಂದೆ. ಯಾರೂ ಏಳಲಿಲ್ಲ. ನಾನೇ ಎದ್ದು ಹೋಗುವುದೆಂದು ಸೀಮೆಸುಣ್ಣ ಕೆಳಗಿಟ್ಟೆ.

ಅಷ್ಟರಲ್ಲಿ ಗೋಪಾಲಪ್ಪನವರು ಎದ್ದರು. ಉಗುಳಲು ಹೋಗುತ್ತಿದ್ದಾರೆ ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡರು. ಅವರು ಬಾಗಿಲಾಚೆಯ ಗುಡಾಣದ ಹತ್ತಿರ ನಿಂತು, "ಅಂಜಿನಮ್ಮಾ, ಬಾರವ್ವ ಇಲ್ಲಿ. ಚೊಂಬು ತಗೊ. ಹುಯ್ಯಿ" ಅಂದರು. ಪಂಚೆ ಮಂಡಿಗೆ ಸೇರಿಸಿ ಬಾಗಿ ಬೊಗಸೆ ಹಿಡಿದರು. ಹುಡುಗಿ ನನ್ನ ಮುಖ ನೋಡಿದಳು. ಚೊಂಬು ಮುಟ್ಟಿದಳು, ಮೊಗೆದಳು. ಅರ್ಧ ನೀರು ಅವರ ಅಂಗಿಯ ತೋಳಿಗೆ ಹೋಯಿತು. "ಮೆಲ್ಲಗೆ ಕಣವ್ವ, ಸ್ನಾನ ಆಗೈತೆ ನಂಗೆ" ಅಂದರು. ಗುಟುಕು ಗುಟುಕಾಗಿ ಕುಡಿದರು. ಇಷ್ಟು ವರ್ಷ ಆ ಮನುಷ್ಯನ ಜೊತೆ ಕೆಲಸ ಮಾಡಿದ್ದೇನೆ, ಅವರ ಗಂಟಲಿನ ಶಬ್ದ ಅಷ್ಟು ದೊಡ್ಡದಾಗಿ ಕೇಳಿದ್ದು ಇದೇ ಮೊದಲು.

"ಇನ್ನ ಆ ಚೊಂಬು ಯಾರ್ ಮುಟ್ತಾರೆ, ಗೋಪಾಲಪ್ನೋರೇ?" ಅಂದರು ರಾಮಚಂದ್ರಪ್ಪನವರು.

"ನಾನು ಮುಟ್ತೀನಲ್ಲ" ಎಂದು ಟವೆಲಿನಲ್ಲಿ ಬಾಯಿ ಒರೆಸಿಕೊಂಡರು. "ನೀವ್ ಯೋಳಿದ್ದೇ ದಿಟ ಆಯ್ತು ನೋಡಿ. ಲೆಕ್ಕ ತಪ್ಪೋಯ್ತು."

ನಾನು ಬೋರ್ಡಿನ ಕಡೆ ತಿರುಗಿ, ನಾನು ಬರೆದದ್ದು ತಪ್ಪು ಎಂದು ಗಟ್ಟಿಯಾಗಿ ಹೇಳಿದೆ. ವೃತ್ತ ಎರಡನ್ನೂ ಅಳಿಸಿ ಒಂದರ ಮೇಲೊಂದು ಹಾಯುವಂತೆ ಬರೆದೆ. ನಡುವಿನ ಜಾಗದಲ್ಲಿ ಎರಡು ಹೆಸರು: ಗೋಪಾಲಪ್ಪ, ಅಂಜಿನಮ್ಮ. ನೀವು ಹೇಳಿದ ಆ ಒಂದು ಮಾತನ್ನು ಆಡಿದ್ದೇನೆ, ನನ್ನ ಗಂಟೇನೂ ಹೋಗಲಿಲ್ಲ. ಕೇಳಿದ್ದು ಸಿಕ್ಕಿಬಿಟ್ಟ ಮೇಲೆ ರಾಮಚಂದ್ರಪ್ಪನವರು ಇನ್ನೇನು ಕೇಳುತ್ತಾರೆ? ಜೀಪು ಹತ್ತಿದರು.

ಊರು ಬದಲಾಯಿತು ಎಂದು ತಿಳಿಯಬೇಡಿ. ಮಧ್ಯಾಹ್ನದ ಹೊತ್ತಿಗೆ, ಆ ಚೊಂಬು ಬೇಡವೆಂದು, ನಾಲ್ಕಾರು ಮನೆಯಿಂದ ಮಕ್ಕಳಿಗೆ ಸೀಸೆಯಲ್ಲಿ ನೀರು ಬಂತು. ಅಂಚೆಟ್ಟಿಯ ಆರ್ಡರ್ ಬಂದರೂ ಬಂದೀತು, ನನಗೋ ಅವರಿಗೋ. ಗೋಪಾಲಪ್ಪನವರು ಮತ್ತೆ ಹಳೆಯ ಗೋಪಾಲಪ್ಪನವರಾಗಿ, "ಅಮ್ಮಾ, ಇದನ್ನ ರಿಪೋರ್ಟಲ್ಲಿ ಹೆಂಗ್ ಬರೆಯೋದು?" ಎಂದು ನಶ್ಯದ ಡಬ್ಬಿ ತಟ್ಟುತ್ತಾ ಬಂದರು. ಪಾಠ ಬೋಧಿಸಲಾಯಿತು ಎಂದು ಬರೆಯಿರಿ ಅಂದೆ.

ನಿಮ್ಮ ಬುದ್ಧಿಮಾತಿಗೂ ಕಾರ್ಡಿನ ಖರ್ಚಿಗೂ ಋಣಿ. ಸಿಟ್ಟು ಇನ್ನೂ ಆರದ,

ರಾಮಲಕ್ಷ್ಮಮ್ಮ

ಮತ್ತೆ: ಹೊಸೂರಿನ ನಮ್ಮ ಮನೆಯ ಹಿತ್ತಲ ಗೋಡೆಯ ಗೂಡಿನಲ್ಲಿ, ಮುಸುರೆ ತಿಕ್ಕುವ ಕೊಂಡಮ್ಮನಿಗೆಂದು ಅತ್ತೆಯವರು ಕವುಚಿ ಇಟ್ಟಿದ್ದ ಅಲ್ಯುಮಿನಿಯಂ ಲೋಟ ಇನ್ನೂ ಅಲ್ಲೇ ಇದೆಯೇ? ನಾನು ಅದನ್ನು ಒಳಗೆ ತಂದು ಎಲ್ಲ ಲೋಟಗಳ ಜೊತೆ ಇಟ್ಟ ದಿನ ನೀವು ಏನೂ ಹೇಳದೆ ಪೇಪರ್ ಓದುತ್ತಿದ್ದಿರಿ. ಅತ್ತೆಯವರು ಅದನ್ನು ಮತ್ತೆ ಗೂಡಿಗೆ ಇಟ್ಟಾಗಲೂ ಓದುತ್ತಲೇ ಇದ್ದಿರಿ. ಬಸ್ಸು ಸರಿಯಿಲ್ಲ, ಅದಕ್ಕೇ ನನ್ನ ಹೆಂಡತಿ ತಳಿಯಲ್ಲಿ ಮನೆ ಮಾಡಿದ್ದಾಳೆ ಎಂದು ನೀವು ಎಲ್ಲರಿಗೂ ಹೇಳುತ್ತೀರಿ, ನಾನೂ ಹಾಗೆಯೇ ಹೇಳಿಕೊಂಡು ಬಂದೆ. ಇನ್ನು ಹೇಳುವುದಿಲ್ಲ. ಒಂದು ಸಲ ಕೊಂಡಮ್ಮ ಹುಯ್ಯಲಿ, ನೀವು ಬೊಗಸೆ ಹಿಡಿಯಿರಿ; ಆ ಮನೆಯ ಲೆಕ್ಕ ತಪ್ಪಿದ ದಿನ ಕಾರ್ಡಿನಲ್ಲೇ ಬರೆಯಿರಿ, ಪೋಸ್ಟ್‌ಮ್ಯಾನ್ ಓದಲಿ. ಬಸ್ಸು ಚೆನ್ನಾಗಿಯೇ ಓಡುತ್ತಿದೆ.