ಬರೀಬ್ಯಾಡ ಅಂದ ಮಾತು

ಮುದ್ದೇಬಿಹಾಳ
೧೪ ನವೆಂಬರ್ ೨೦೨೪

ಪ್ರೀತಿಯ ಭಾಗ್ಯಜ್ಯೋತಿಗೆ,

ಕಾವೇರಿಯ ನಮಸ್ಕಾರ. ಧಾರವಾಡದಲ್ಲಿ ನೀನು ಆರಾಮ ಇದ್ದೀಯೆಂದು ತಿಳಿದಿದ್ದೇನೆ. ನಿನ್ನ ಮೂರು ಮೆಸೇಜಿಗೂ ಉತ್ತರ ಕೊಡಲಿಲ್ಲ, ತಪ್ಪಾಯಿತು. ಫೋನಿನಲ್ಲಿ ಮಾತಾಡಲು ಮನಸ್ಸಾಗಲಿಲ್ಲ. ಬಾಗೇವಾಡಿಯ ಹಾಸ್ಟೆಲ್ಲಿನಲ್ಲಿದ್ದಾಗ ರಜೆ ಬಂದರೆ ನಿನಗೆ ಪತ್ರ ಬರೆಯುತ್ತಿದ್ದೆನಲ್ಲ, ಹಾಗೇ ಬರೆಯುತ್ತಿದ್ದೇನೆ.

ಇಲ್ಲಿ ತೊಗರಿ ಹೂ ಬಿಟ್ಟಿದೆ. ಅತ್ತೆ ರೇವವ್ವನ ಕಣ್ಣಿನ ಆಪರೇಷನ್ ಆಯಿತು. ಈಗ ನನ್ನ ಅಡುಗೆಯಲ್ಲಿ ಕೂದಲು ಹುಡುಕುವಷ್ಟು ಕಾಣುತ್ತದೆ.

ಹೋದ ತಿಂಗಳು ಪಾರ್ಸೆಲ್ ಆಫೀಸಿನ ಮ್ಯಾನೇಜರ್ ಗುರಲಿಂಗಪ್ಪನವರು ನನ್ನನ್ನು ಒಳಗೆ ಕರೆದು ಒಂದು ಪತ್ರಿಕೆ ಮುಂದಿಟ್ಟರು. "ಇದು ನೀನಽ ಹೌದಲ್ಲ?" ಅದು ಪಿಎಚ್‌.ಡಿ.ಗೆಂದು ನನ್ನನ್ನು ಮಾತಾಡಿಸಿಕೊಂಡು ಹೋಗಿ ನೀನು ಬರೆದ ಲೇಖನ. ಅದರಲ್ಲಿ ನೀನು ನನಗೆ ಲಲಿತಾ ಎಂದು ಹೆಸರಿಟ್ಟಿದ್ದೆ. ಆದರೆ ಮುದ್ದೇಬಿಹಾಳ, ತಂಗಡಗಿ ರಸ್ತೆ, ಸ್ಕೂಟಿಯ ಮೇಲೆ ಪಾರ್ಸೆಲ್ ಹಂಚುವ ಹೆಂಗಸು ಎಂದರೆ ಇಲ್ಲಿ ನನ್ನನ್ನು ಬಿಟ್ಟು ಇನ್ನಾರು?

ನೀನು ಎಲ್ಲ ಬರೆದಿದ್ದೆ. ಲಾರಿ ಬಡಿದು ನನ್ನ ಗಂಡ ಯುವರಾಜ ಅವರು ಹಾಸಿಗೆ ಹಿಡಿದ ಮೇಲೆ ಕಂಪನಿ ಅವರಿಗೆ ಕೊಟ್ಟಿದ್ದ ಐಡಿಯಲ್ಲೇ ನಾನು ದುಡಿಯುತ್ತಿದ್ದುದು. ದಿನಾ ಬೆಳಿಗ್ಗೆ ಕಂಪನಿಯ ಆಪ್ ಗುರುತಿಗೆಂದು ಮುಖ ಕೇಳಿದಾಗ ಅವರನ್ನು ದಿಂಬಿಗೆ ಒರಗಿಸಿ, ತಲೆ ಬಾಚಿ, ಫೋಟೊ ತೆಗೆದು, ನಾನು ಹೊರಡುತ್ತಿದ್ದುದು. ತಂಗಡಗಿಯ ಶಂಕ್ರೆವ್ವ "ಯುವರಾಜ ಬರ್ತಾನ ಅಂತ ಮೊಬೈಲಿಗೆ ಬಂದಿತ್ತಲ್ಲ?" ಎಂದಾಗ ನಾನು ನಗುತ್ತ, "ನಾನಽ ಯುವರಾಜ, ಓಟಿಪಿ ಹೇಳ್ರಿ ಯವ್ವಾ" ಎಂದದ್ದನ್ನೂ ಬಿಟ್ಟಿರಲಿಲ್ಲ.

ಇದನ್ನು ನಾನು ನಿನ್ನ ರೆಕಾರ್ಡರಿಗೆ ಹೇಳಿರಲಿಲ್ಲ ಭಾಗ್ಯಾ. ನೀನು ಅದನ್ನು ಚೀಲದಲ್ಲಿಟ್ಟು, ನಮ್ಮ ಒಲೆಯ ಮುಂದೆ ಕೂತು ಮಾದಲಿ ತಿನ್ನುವಾಗ ಹೇಳಿದ್ದು. "ಇದೊಂದು ಬರೀಬ್ಯಾಡ, ನನ್ನ ಕೆಲಸ ಹೋಗ್ತೈತಿ" ಅಂದೆ. ನೀನು ಏನಂದೆ, ನೆನಪಿದೆಯೇ? "ಹುಚ್ಚಿ, ರೆಕಾರ್ಡ್ ಬಂದ್ ಮಾಡೇನಿ. ಈಗ ನಾ ನಿನ್ನ ಗೆಳತಿ ಅಷ್ಟಽ."

ಗುರಲಿಂಗಪ್ಪನವರು ಕೆಟ್ಟವರಲ್ಲ. ಎರಡು ವರ್ಷ ಕಂಡೂ ಕಾಣದಂತೆ ಇದ್ದರು. "ಮ್ಯಾಗಿನವ್ರು ಓದ್ಯಾರವ್ವ, ನಾ ಏನ್ ಮಾಡ್ಲಿ?" ಎಂದು ಅವರೇ ತಲೆ ತಗ್ಗಿಸಿದರು. ಮಧ್ಯಾಹ್ನದೊಳಗೆ ಐಡಿ ಬಂದ್ ಆಯಿತು. ನನ್ನ ಹೆಸರಿನಲ್ಲೇ ಕೊಡಿರೆಂದು ಅರ್ಜಿ ಹಾಕಿದೆ. ಕಂಪನಿಗೆ ಮೋಸ ಮಾಡಿದವಳೆಂದು ತಳ್ಳಿಹಾಕಿದರು. ಈಗ ಬೆಳಗಿನ ಬಸ್ಸಿಗೆ ನಿಡಗುಂದಿಗೆ ಹೋಗಿ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತೇನೆ.

ಕೆಲಸ ಹೋದರೆ ಇನ್ನೊಂದು ಸಿಗುತ್ತದೆ. ಆದರೆ ಆ ಲೇಖನವನ್ನು ಯುವರಾಜ ಅವರೂ ಓದಿದರು. 'ದುಡಿಯುವ ಹೆಂಡತಿಗೆ ಮುಖವನ್ನಷ್ಟೇ ಕೊಡಬಲ್ಲ ಗಂಡ' ಎಂದು ಬರೆದಿದ್ದೆಯಲ್ಲ. "ಇಷ್ಟಽ ಏನು ನಾ?" ಎಂದು ಒಂದೇ ಮಾತು ಕೇಳಿದರು. ಅಂದಿನಿಂದ ಬಾಚಣಿಗೆ ಹಿಡಿದು ಹೋದರೆ ಗೋಡೆಯ ಕಡೆ ಹೊರಳುತ್ತಾರೆ.

ಲೇಖನದಿಂದ ನನ್ನಂಥವರಿಗೆ ಒಳ್ಳೆಯದಾದೀತೆಂದು ನೀನು ಮೆಸೇಜಿನಲ್ಲಿ ಹೇಳಿದ್ದೀಯ. ಆಗಲಿ, ಬೇಡ ಅನ್ನಲಾರೆ. ಆದರೆ ಅಚ್ಚಿಗೆ ಕೊಡುವ ಮೊದಲು ನನ್ನನ್ನೊಂದು ಮಾತು ಕೇಳಬಾರದಿತ್ತೇ?

ನಿನ್ನ ಅವ್ವ ಕಾಶಿಬಾಯಿಯವರು ನನ್ನ ಮದುವೆಯಲ್ಲಿ ಉಡಿ ತುಂಬಿದವರು. ಅವರಿಗೆ ನನ್ನ ಶರಣು ತಿಳಿಸು. ಇದನ್ನೆಲ್ಲ ಹೇಳಬೇಡ, ನೊಂದುಕೊಳ್ಳುತ್ತಾರೆ. ನಿನ್ನ ಪಿಎಚ್‌.ಡಿ. ಬೇಗ ಮುಗಿಯಲಿ, ನಿನ್ನ ಕೈ ಮೇಲಾಗಲಿ.

ಇಂತಿ,
ಕಾವೇರಿ

ತಾ.ಕ.: ನಿನ್ನ ಪ್ರಶ್ನೆಗಳ ಕೊನೆಯಲ್ಲಿ 'ಸಂಕಟ ಹೇಳಿಕೊಳ್ಳಲು ನಿಮಗೆ ಯಾರಾದರೂ ಇದ್ದಾರೆಯೇ?' ಎಂದಿತ್ತು. ನಾನು ಹೌದು ಅಂದೆ. ನೀನು ಗುರುತು ಹಾಕಿ ಹಾಳೆ ತಿರುವಿದೆ, ಯಾರು ಎಂದು ಕೇಳಲಿಲ್ಲ. ನಾನು ನಿನ್ನನ್ನೇ ನೆನೆದು ಹೇಳಿದ್ದೆ. ಪ್ರಬಂಧ ಒಪ್ಪಿಸುವ ಮೊದಲು ಆ ಉತ್ತರವನ್ನು ಇಲ್ಲ ಎಂದು ತಿದ್ದಿಕೋ.