ತಲೆಕೆಳಗಾದ ಅಂಗಿ

ಬುಧವಾರ, ಆಕ್ರನ್

ಕ್ಷೌರದಂಗಡಿಯ ಪ್ರೂಯಿಟ್ ಅವರಿಗೆ,

ಡೆಸ್ಮಂಡನ ಆಟದ ಅಂಗಿಯನ್ನು ನಿಮ್ಮ ಗೋಡೆಯ ಮೇಲೆ ತಲೆಕೆಳಗಾಗಿ ತೂಗುಹಾಕಿದ್ದು ಅನ್ಯಾಯ. ದೊಡ್ಡ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಫುಟ್‌ಬಾಲ್ ಡ್ರಾಫ್ಟ್‌ನಲ್ಲಿ ಇಡೀ ದೇಶಕ್ಕೇ ಎರಡನೆಯವನಾಗಿ ಆಯ್ಕೆಯಾದ ನಮ್ಮೂರಿನ ಹುಡುಗ, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಅವನು. ಅಂದು ಅದೇ ಅಂಗಿಗೆ ಚೌಕಟ್ಟು ಹಾಕಿಸಿದವರು ನೀವೇ.

"ಮೂರು ವರ್ಷ ಆಯ್ತಲ್ಲೇ ತಾಯಿ, ಅವ್ನು ಠುಸ್ ಪಟಾಕಿ ಅಂತ ಒಪ್ಕೊಂಬಿಡು. ಆ ಯೂನಿಯನ್ ಕರಪತ್ರ ಓದಿ ಓದಿ ನಿಂಗೆ ತಲೆ ಕೆಟ್ಟಿದೆ" ಎಂದಿರಿ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆ ಮೂರು ವರ್ಷದಲ್ಲಿ ಮೂವರು ಕೋಚ್‌ಗಳನ್ನು ಬದಲಿಸಿದ ತಂಡದ ಮಾಲೀಕರ ಕೋಟನ್ನು ಯಾವ ಗೋಡೆಗೆ ತೂಗುಹಾಕುತ್ತೀರಿ? ಜೊತೆಗಾರನ ಕೈಯಿಂದ ಜಾರಿ ಎದುರಾಳಿಗೆ ಸಿಕ್ಕ ಚೆಂಡುಗಳನ್ನೂ ಅವನ ಆಟದ ಲೆಕ್ಕವಿಡುವ ನಿಮ್ಮ ಅಂಗಡಿಯ ಕರಿಹಲಗೆಯಲ್ಲಿ ಡೆಸ್ಮಂಡನ ತಪ್ಪೆಂದೇ ಬರೆದಿದ್ದೀರಿ.

ಅವನ ಅಪ್ಪ ಟಾಲಿವರ್ ಇಪ್ಪತ್ತು ವರ್ಷಗಳಿಂದ ಪ್ರತಿ ಶುಕ್ರವಾರ ನಿಮ್ಮಲ್ಲೇ ಗಡ್ಡ ಮಾಡಿಸಿಕೊಂಡು ಬಂದವರು. ಕಳೆದ ವಾರ ನಿಮ್ಮ ಬಾಗಿಲವರೆಗೆ ಬಂದು, ಗೋಡೆ ನೋಡಿ, ಹಿಂತಿರುಗಿದರು. ಪಕ್ಕದ ಲಾಂಡ್ರಿಯಲ್ಲಿದ್ದ ನನಗೆ, "ಇವತ್ತು ತುಂಬಾ ಜನ ಇದ್ದಾರಮ್ಮ" ಎಂದರು. ನಾನು ಇಣುಕಿ ನೋಡಿದೆ. ಕುರ್ಚಿ ಖಾಲಿಯಿತ್ತು.

ಅಂಗಿಯನ್ನು ನೆಟ್ಟಗೆ ಮಾಡಿ, ನೀರು ಬಿಸಿಗಿಡಿ. ಅವರನ್ನು ನಾನೇ ಕರೆತರುತ್ತೇನೆ, ಈ ಶುಕ್ರವಾರ ಸಂಜೆ ನಾಲ್ಕು ಗಂಟೆಗೆ.

ಲಾಂಡ್ರಿಯ ಲೊರೆಟಾ ಬೀಸ್ಲಿ